ಬೋಟಿನಲ್ಲಿ ಸಂಸಾರ: ಓದುಗರ ಪತ್ರಗಳಿಗೆ ಉತ್ತರ

ನಾನೂ ನಮ್ಮ ಯಜಮಾನರೂ 2012ರಿಂದ 2019ರವರೆಗೆ ಒಂದು ಹಳೆಯ ಮೋಟಾರ್ ಬೋಟಿನಲ್ಲಿ ಮನೆ ಮಾಡಿಕೊಂಡಿದ್ದೆವು. ಮಲೇಷ್ಯಾದ ಲಂಕಾವಿ, ಥಾಯ್ಲೆಂಡಿನ ಫುಕೆಟ್, ಅವುಗಳ ನಡುವಿನ ಸಣ್ಣಪುಟ್ಟ ದ್ವೀಪಗಳು ನಮ್ಮ ಓಡಾಟದ ಜಾಗ. ಕಳೆದ ಸಂಚಿಕೆಯಲ್ಲಿ ಅದನ್ನು ಬರೆದಿದ್ದೆ, ಕಡಿಮೆ ಖರ್ಚಿನಲ್ಲಿ ಹೀಗೆ ಬದುಕಬಹುದು ಎಂದೂ ಹೇಳಿದ್ದೆ. ಆಮೇಲೆ ಬಂದ ಪತ್ರಗಳು ನಮ್ಮ ಹಾಸನದ ಮನೆಯ ಊಟದ ಮೇಜಿನ ಅರ್ಧ ತುಂಬಿವೆ. ಹೆಚ್ಚಿನವು ಹಾಸನ, ಚಿಕ್ಕಮಗಳೂರು ಕಡೆಯವೇ. ಸಮುದ್ರ ನೋಡಬೇಕಾದರೆ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯಬೇಕಾದ ನಮ್ಮ ಜನಕ್ಕೆ ಇಷ್ಟು ಆಸೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ಎಲ್ಲಕ್ಕೂ ಇಲ್ಲಿ ಉತ್ತರಿಸಲು ಜಾಗವಿಲ್ಲ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ತೆಗೆದುಕೊಂಡಿದ್ದೇನೆ.

ಅಕ್ಕಾ, ಸುತ್ತಿ ಬಳಸದೆ ಹೇಳಿ. ಒಟ್ಟು ಎಷ್ಟು ದುಡ್ಡು ಬೇಕು? ನನಗೆ 38 ವರ್ಷ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ.
— ಓದುಗ, ಚಿಕ್ಕಮಗಳೂರು

ತಮ್ಮಾ, ನಮ್ಮ ಲೆಕ್ಕದ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಅದನ್ನೇ ನೋಡಿ ಹೇಳುತ್ತೇನೆ.

ಬೋಟಿಗೆ ಕೊಟ್ಟದ್ದು 40,000 ಡಾಲರ್. ಆಗಿನ ದರದಲ್ಲಿ ಸುಮಾರು 21 ಲಕ್ಷ ರೂಪಾಯಿ. 38 ಅಡಿ ಉದ್ದ, ಫೈಬರ್ ಗ್ಲಾಸಿನ ಮೈ, ಒಂದೇ ಎಂಜಿನ್, 120 ಅಶ್ವಶಕ್ತಿಯ ಫೋರ್ಡ್ ಲೆಹ್‌ಮನ್ ಡೀಸೆಲ್. 1980ರ ಸುಮಾರಿಗೆ ತೈವಾನಿನಲ್ಲಿ ಕಟ್ಟಿದ್ದು. ಮೀನುಗಾರರ ದೋಣಿಯ ಆಕಾರವಿರುವ ಇಂಥ ಬೋಟುಗಳಿಗೆ ಟ್ರಾಲರ್ ಎನ್ನುತ್ತಾರೆ. ಆ ಕಾಲದಲ್ಲಿ ತೈವಾನಿನಲ್ಲಿ ಇವನ್ನು ಬಹಳ ಕಟ್ಟಿದರು. ಹಾಗಾಗಿ ಹಳೆಯವು ಈಗಲೂ ಸಿಗುತ್ತವೆ.

ಮೊದಲ ವರ್ಷವೇ ಇನ್ನೊಂದು 9 ಲಕ್ಷ ಹೋಯಿತು. ಅದು ಯಾಕೆ ಹೋಯಿತು ಅನ್ನುವುದನ್ನು ನೀವು ಚೆನ್ನಾಗಿ ತಿಳಿದುಕೊಳ್ಳಬೇಕು. ಈ ಬೋಟುಗಳ ಡೆಕ್ ಮೇಲೆ ಅಂದಕ್ಕೆ ತೇಗದ ಹಲಗೆ ಹೊಡೆದಿರುತ್ತಾರೆ. ಸಾವಿರಾರು ಸ್ಕ್ರೂ. ಇಪ್ಪತ್ತು, ಮೂವತ್ತು ವರ್ಷ ಕಳೆದ ಮೇಲೆ ಆ ಸ್ಕ್ರೂ ತೂತುಗಳಲ್ಲಿ ಮಳೆನೀರು ಒಳಗೆ ಇಳಿಯುತ್ತದೆ. ಕೆಳಗೆ ಡೀಸೆಲ್ ಟ್ಯಾಂಕ್ ಇರುತ್ತದೆ, ಕಬ್ಬಿಣದ್ದು. ನೀರು ಟ್ಯಾಂಕಿನ ನೆತ್ತಿಯ ಮೇಲೆ ನಿಂತು ನಿಂತು ತುಕ್ಕು ಹಿಡಿಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಬೋಟು ಪರೀಕ್ಷಿಸಲು ನಾವು ದುಡ್ಡು ಕೊಟ್ಟು ಕರೆಸಿದ ಸರ್ವೇಯರ್ ಟಾರ್ಚು ಬಿಟ್ಟು ಇಣುಕಿ ಸರಿಯಿದೆ ಎಂದು ಬರೆದುಕೊಟ್ಟರು. ಮೂರನೇ ತಿಂಗಳಲ್ಲಿ ಬೋಟಿನ ತಳದಲ್ಲಿ ಡೀಸೆಲ್ ತೇಲುತ್ತಿತ್ತು. ಟ್ಯಾಂಕ್ ಹೊರಗೆ ತೆಗೆಯಬೇಕಾದರೆ ಎಂಜಿನ್ನೇ ಎತ್ತಬೇಕು. ಎರಡು ತಿಂಗಳು ಯಾರ್ಡಿನಲ್ಲಿ ನಿಂತೆವು. ಆದ್ದರಿಂದ ಇಂಥ ಬೋಟು ನೋಡಲು ಹೋದರೆ ಮೊದಲು ಟ್ಯಾಂಕಿನ ಮೇಲ್ಭಾಗಕ್ಕೆ ಕೈ ಹಾಕಿ ಸವರಿ. ಆಮೇಲೆ ಸೋಫಾ, ಅಡುಗೆಮನೆ, ಪರದೆ ನೋಡಿ.

ಇನ್ನು ವರ್ಷದ ಖರ್ಚು. 2014ರ ಪುಟದಲ್ಲಿ ಹೀಗಿದೆ: ಬೋಟಿನ ರಿಪೇರಿ, ಬಣ್ಣ, ಬಿಡಿಭಾಗ 2 ಲಕ್ಷ 20 ಸಾವಿರ. ಊಟ 1 ಲಕ್ಷ 70 ಸಾವಿರ. ವೀಸಾ, ಬಂದರಿನ ಕಾಗದಪತ್ರ, ವರ್ಷಕ್ಕೊಮ್ಮೆ ಊರಿಗೆ ಬಂದು ಹೋಗುವುದು 80 ಸಾವಿರ. ಡೀಸೆಲ್ 65 ಸಾವಿರ. ಮರೀನಾದಲ್ಲಿ, ಅಂದರೆ ಬೋಟು ನಿಲ್ಲಿಸುವ ಬಂದರಿನಲ್ಲಿ, ಎರಡು ತಿಂಗಳ ಬಾಡಿಗೆ 50 ಸಾವಿರ. ವಿಮೆ 45 ಸಾವಿರ. ಗ್ಯಾಸು, ಫೋನು, ಇತರೆ 50 ಸಾವಿರ. ಒಟ್ಟು 6 ಲಕ್ಷ 80 ಸಾವಿರ. ತಿಂಗಳಿಗೆ 57 ಸಾವಿರದ ಹತ್ತಿರ, ಇಬ್ಬರಿಗೆ.

ಡೀಸೆಲ್ ಎಷ್ಟು ಕೆಳಗಿದೆ ನೋಡಿದಿರಾ? ಎಲ್ಲರೂ ಅದನ್ನೇ ಹೆದರಿಕೊಂಡು ಕೇಳುತ್ತಾರೆ. ದುಡ್ಡು ತಿನ್ನುವುದು ಬೋಟಿನ ಆರೈಕೆ. ಕೊಂಡ ಬೆಲೆಯ ಹತ್ತನೇ ಒಂದು ಭಾಗ ಪ್ರತಿ ವರ್ಷ ತೆಗೆದಿಡಿ ಎಂದು ಅಲ್ಲಿನ ಹಳಬರು ಹೇಳುತ್ತಾರೆ. ನಮಗೆ ಅದು ಹೆಚ್ಚುಕಡಿಮೆ ಸರಿಯಾಗೇ ಬಂತು. 40 ಲಕ್ಷ ಇದ್ದರೆ 20 ಲಕ್ಷದ ಬೋಟು ತೆಗೆದುಕೊಳ್ಳಿ. ಕೈಯಲ್ಲಿರುವುದನ್ನೆಲ್ಲ ಬೋಟಿಗೆ ಸುರಿದವರು ಎರಡನೇ ವರ್ಷ ಮಾರಾಟದ ಬೋರ್ಡು ತಗುಲಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಹಳ ಬೇಜಾರಾಗುತ್ತಿತ್ತು.

ಹಾಯಿ ದೋಣಿ ಇದ್ದರೆ ಗಾಳಿ ಪುಕ್ಕಟೆ. ಡೀಸೆಲ್ ಸುಡುವ ಬೋಟು ತೆಗೆದುಕೊಂಡು ಕಡಿಮೆ ಖರ್ಚು ಎನ್ನುವುದು ಹೇಗೆ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಬೇಲೂರು

ಸರಿಯಾದ ಪ್ರಶ್ನೆ ಸರ್. ಮಹಾಸಾಗರ ದಾಟುವ ಆಸೆ ಇದ್ದರೆ ಹಾಯಿ ದೋಣಿಯೇ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಭೂಮಧ್ಯ ರೇಖೆಯ ಹತ್ತಿರದ ನೀರಿನಲ್ಲಿ ಗಾಳಿ ತುಂಬಾ ಮೆದು. ಎಷ್ಟೋ ದಿನ ಎಲೆ ಅಲ್ಲಾಡುವುದಿಲ್ಲ. ನಮ್ಮ ಪಕ್ಕದಲ್ಲಿ ಹಾಯಿ ಸುತ್ತಿಟ್ಟು ಎಂಜಿನ್ನಲ್ಲೇ ಹೋಗುತ್ತಿದ್ದ ದೋಣಿಗಳು ಎಷ್ಟೋ. ಹಾಯಿ, ಹಗ್ಗ, ಕಂಬದ ತಂತಿ, ಇವೂ ಸವೆಯುತ್ತವೆ, ಇವಕ್ಕೂ ದುಡ್ಡು ಬೇಕು. ನಮ್ಮವರು 22 ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವರು. ಅವರಿಗೆ ಡೀಸೆಲ್ ಎಂಜಿನ್ನಿನ ಭಾಷೆ ಬರುತ್ತದೆ, ಮಂಡಿ ನೋವಿನಿಂದ ಹಾಯಿ ಎಳೆಯಲು ಆಗುವುದಿಲ್ಲ. ನಮಗೆ ಇದೇ ಹೊಂದಿತು.

ಉಳಿತಾಯದ ಗುಟ್ಟು ವೇಗದಲ್ಲಿದೆ. ಪ್ರತಿ ಬೋಟಿಗೂ ಅದರ ಉದ್ದಕ್ಕೆ ತಕ್ಕ ಒಂದು ಸಹಜ ವೇಗವಿರುತ್ತದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಎಷ್ಟು ನಾಟ್ ಎಂದು ಸಿಗುತ್ತದೆ. ನಮ್ಮದು ನೀರಿನ ಮಟ್ಟದಲ್ಲಿ 34 ಅಡಿ. ಅಂದರೆ 7.8 ನಾಟ್. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಆ ಮಿತಿಯ ಹತ್ತಿರ ಹೋದಷ್ಟೂ ಬೋಟು ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕಾಗುತ್ತದೆ. ಎಂಜಿನ್ ಕೂಗುತ್ತದೆ, ಡೀಸೆಲ್ ಸುರಿಯುತ್ತದೆ, ವೇಗ ಮಾತ್ರ ಹೆಚ್ಚುವುದಿಲ್ಲ.

ನಾವು 6 ನಾಟ್‌ಗೆ ಹೋದರೆ ಗಂಟೆಗೆ 7 ಲೀಟರ್ ಸಾಕಿತ್ತು. 7.5ಕ್ಕೆ ಏರಿಸಿದರೆ 14 ಲೀಟರ್. ನೂರು ನಾಟಿಕಲ್ ಮೈಲಿಗೆ ಲೆಕ್ಕ ಹಾಕಿ: ನಿಧಾನವಾಗಿ ಹೋದರೆ 117 ಲೀಟರ್, ಮೂರು ಗಂಟೆ ಉಳಿಸಲು ಹೋದರೆ 187. ಶಿರಾಡಿ ಘಾಟಿ ಹತ್ತುವ ಲಾರಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲಂಕಾವಿಯಿಂದ ಫುಕೆಟ್‌ಗೆ ಸುಮಾರು 120 ನಾಟಿಕಲ್ ಮೈಲಿ. ನಾವು ಅದನ್ನು ಒಂದೇ ಏಟಿಗೆ ಓಡಿದ್ದು ಎರಡು ಸಲ ಮಾತ್ರ. ಉಳಿದಂತೆ ತರುಟಾವ್, ಕೊ ಲೀಪೆ, ಕೊ ಲಾಂಟಾ ಎಂದು ನಿಲ್ಲುತ್ತಾ ತಿಂಗಳುಗಟ್ಟಲೆ ಹೋಗುತ್ತಿದ್ದೆವು. ವರ್ಷಕ್ಕೆ ಎಂಜಿನ್ ಓಡಿದ್ದು 250 ಗಂಟೆ. ಉಳಿದ ಹೊತ್ತೆಲ್ಲ ಲಂಗರು ಹಾಕಿ ನಿಂತಿದ್ದೆವು. ಲಂಗರು ಹಾಕಿ ನಿಂತರೆ ಹೆಚ್ಚಿನ ಕಡೆ ಬಾಡಿಗೆ ಇಲ್ಲ.

ಅಡುಗೆ ಹೇಗೆ ಮಾಡುತ್ತಿದ್ದಿರಿ? ಮುದ್ದೆ ಆಗುತ್ತಿತ್ತೇ? ಕುಡಿಯುವ ನೀರಿಗೆ ಏನು ಗತಿ?
— ಗೃಹಿಣಿ, ಹೊಳೆನರಸೀಪುರ

ತಂಗಿ, ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಇದನ್ನು ಗಂಡಸರು ಯಾರೂ ಕೇಳಲೇ ಇಲ್ಲ. ಬೋಟಿನಲ್ಲಿ ದಿನ ಕಳೆಯುವುದೇ ಇದರ ಮೇಲೆ.

ನೀರಿನಿಂದ ಶುರು ಮಾಡುತ್ತೇನೆ. ನಮ್ಮ ಟ್ಯಾಂಕಿನಲ್ಲಿ 600 ಲೀಟರ್ ಹಿಡಿಯುತ್ತಿತ್ತು. ಇಬ್ಬರಿಗೆ ದಿನಕ್ಕೆ 25 ಲೀಟರ್ ಎಂದು ಇಟ್ಟುಕೊಂಡೆವು, ಅಂದರೆ 24 ದಿನ. ಕುಡಿಯಲು, ಅಡುಗೆಗೆ, ಕೊನೆಯಲ್ಲಿ ಮೈಗೆ ಎರಡು ಚೊಂಬು. ಸ್ನಾನ ಸಮುದ್ರದಲ್ಲೇ. ಮೈಸೋಪು ಉಪ್ಪುನೀರಿನಲ್ಲಿ ನೊರೆ ಬರುವುದಿಲ್ಲ, ಪಾತ್ರೆ ತೊಳೆಯುವ ದ್ರವ ಬರುತ್ತದೆ. ಪಾತ್ರೆಯನ್ನೂ ಸಮುದ್ರದ ನೀರಿನಲ್ಲಿ ತೊಳೆದು, ಸಿಹಿನೀರನ್ನು ಸ್ಪ್ರೇ ಬಾಟಲಿಯಲ್ಲಿ ಹೊಡೆದು ಒರೆಸುತ್ತಿದ್ದೆ. ಬಂದರಿನ ಒಳಗೆ ಮಾತ್ರ ಹಾಗೆ ಮಾಡಬಾರದು, ಅಲ್ಲಿ ನೀರು ಕೊಳಕು.

ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ಸಿಗುತ್ತದೆ. ಬೆಲೆ ನೋಡಿ ನಾವು ಬಿಟ್ಟೆವು. ಮಳೆನೀರು ಹಿಡಿದೆವು. ಬೋಟಿನ ಹಿಂಭಾಗಕ್ಕೆ 10 ಚದರ ಮೀಟರ್ ಟಾರ್ಪಾಲು ಕಟ್ಟಿ, ಮಧ್ಯದಲ್ಲಿ ತಗ್ಗು ಮಾಡಿ, ಪೈಪು ಇಳಿಬಿಟ್ಟಿದ್ದೆವು. 20 ಮಿಲಿಮೀಟರ್ ಮಳೆ ಬಿದ್ದರೆ 200 ಲೀಟರ್. ಮೊದಲ ಹತ್ತು ನಿಮಿಷದ ನೀರನ್ನು ಚೆಲ್ಲಬೇಕು, ಟಾರ್ಪಾಲಿನ ಮೇಲೆ ಉಪ್ಪು ಕೂತಿರುತ್ತದೆ. ಮಲೆನಾಡಿನ ಸೂರಿನ ಕೆಳಗೆ ಹಂಡೆ ಇಟ್ಟು ಬೆಳೆದವರಿಗೆ ಇದೇನು ಹೊಸದಲ್ಲ, ಅಲ್ವಾ?

ಒಲೆಯದು ದೊಡ್ಡ ವಿಷಯ. ದಯವಿಟ್ಟು ಗಮನವಿಟ್ಟು ಓದಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು, ಕಿಟಕಿ ತೆಗೆದರೆ ಹೋಗುತ್ತದೆ. ಬೋಟು ಒಂದು ಮುಚ್ಚಿದ ಬೋಗುಣಿ ಇದ್ದ ಹಾಗೆ. ಸೋರಿದ ಗ್ಯಾಸು ತಳಕ್ಕೆ ಇಳಿದು ಅಲ್ಲೇ ಕೂತುಬಿಡುತ್ತದೆ. ಎಂಜಿನ್ನಿನ ಒಂದು ಕಿಡಿ ಸಾಕು. ಆದ್ದರಿಂದ ಸಿಲಿಂಡರ್ ಹೊರಗೆ, ಡೆಕ್ ಮೇಲಿನ ಪೆಟ್ಟಿಗೆಯಲ್ಲಿರಬೇಕು. ಆ ಪೆಟ್ಟಿಗೆಯ ತಳದಲ್ಲಿ ಸಮುದ್ರಕ್ಕೆ ತೆರೆಯುವ ತೂತು ಇರಬೇಕು. ಪ್ರತಿ ಅಡುಗೆ ಮುಗಿದ ಮೇಲೂ ಸಿಲಿಂಡರಿನ ಬಾಯಿಯಲ್ಲೇ ಮುಚ್ಚಬೇಕು. ಏಳು ವರ್ಷ ನಾನು ಒಂದು ದಿನವೂ ತಪ್ಪಿಸಲಿಲ್ಲ.

ಕುಕ್ಕರ್ ಇಲ್ಲದೆ ಬೋಟಿಲ್ಲ. ಗ್ಯಾಸು ಉಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಅಲೆಗೆ ಚೆಲ್ಲುವುದಿಲ್ಲ. ಕಡುಬು, ಹುರುಳಿ ಸಾರು, ಅನ್ನ, ಎಲ್ಲ ಅದರಲ್ಲೇ. ಮುದ್ದೆಗೆ ಎರಡೂ ಕೈ ಬೇಕು, ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿಯಬೇಕು. ಹಾಗಾಗಿ ನೀರು ಕನ್ನಡಿಯ ಹಾಗೆ ನಿಂತ ಬೆಳಿಗ್ಗೆ ಮಾತ್ರ ಮುದ್ದೆ. ಉಳಿದ ದಿನ ರಾಗಿ ರೊಟ್ಟಿ, ಅಂಬಲಿ. ರಾಗಿ ಹಿಟ್ಟು ಡಬ್ಬಿಯಲ್ಲಿ ಗಾಳಿಯಾಡದಂತೆ ಇಟ್ಟರೆ ಚೆನ್ನಾಗಿ ಉಳಿಯಿತು. ಅಕ್ಕಿಗೆ ಬೇಗ ಹುಳು ಬಿತ್ತು, ಸ್ವಲ್ಪ ಸ್ವಲ್ಪ ತಂದೆ. ಸೊಪ್ಪು ತರಕಾರಿ ಮುಗಿದಾಗ ಹೆಸರುಕಾಳು ಮೊಳಕೆ ಕಟ್ಟುತ್ತಿದ್ದೆ. ಎರಡೇ ದಿನಕ್ಕೆ ಹಸಿರು ರುಚಿ. ಪೆನಾಂಗಿನ ಜಾರ್ಜ್ ಟೌನಿನಲ್ಲಿ ಲಿಟಲ್ ಇಂಡಿಯಾ ಎಂಬ ಬೀದಿಗಳಿವೆ. ಕರಿಬೇವು, ಹುಣಸೆ, ನುಗ್ಗೆಕಾಯಿ, ತೊಗರಿಬೇಳೆ, ಎಲ್ಲ ಸಿಗುತ್ತದೆ. ತೆಂಗಿನಕಾಯಿ ಎಲ್ಲೆಲ್ಲೂ. ಕಾಫಿಪುಡಿ ಮಾತ್ರ ಆ ತೇವಕ್ಕೆ ವಾರದಲ್ಲಿ ಸತ್ತುಹೋಗುತ್ತದೆ. ಹುರಿದ ಬೀಜ ಒಯ್ದು, ಕೈಯಲ್ಲಿ ತಿರುಗಿಸುವ ಸಣ್ಣ ಯಂತ್ರದಲ್ಲಿ ದಿನಾ ಎರಡು ಚಮಚ ಪುಡಿ ಮಾಡಿಕೊಂಡೆ. ಐದೂವರೆಗೆ ಎದ್ದು ಆ ಯಂತ್ರ ತಿರುಗಿಸುವ ಸದ್ದು ನಮ್ಮ ಬೋಟಿನ ಸುಪ್ರಭಾತ.

ಕರೆಂಟಿಗೆ ಜನರೇಟರ್ ಇತ್ತಾ ಮೇಡಂ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಇತ್ತು, ಮಾರಿಬಿಟ್ಟೆವು. ಮೋಟಾರ್ ಬೋಟಿನ ಚಾವಣಿ ಚಪ್ಪಟೆ. ಮೇಲೆ ಹಾಯಿಕಂಬದ ನೆರಳು ಬೀಳುವುದಿಲ್ಲ. 250 ವಾಟಿನ ನಾಲ್ಕು ಸೋಲಾರ್ ಪ್ಯಾನೆಲ್ ಹಾಕಿದೆವು. ಮೋಡ ಇಲ್ಲದ ದಿನ 4 ಯೂನಿಟ್ ಬರುತ್ತಿತ್ತು. ಫ್ರಿಜ್ಜಿಗೆ 1 ಯೂನಿಟ್, ಫ್ಯಾನು, ದೀಪ, ಫೋನಿಗೆ ಇನ್ನೊಂದು. ನಮ್ಮದು ಸೀಸದ ಬ್ಯಾಟರಿ, ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತವೆ. ಈಗ ಶುರು ಮಾಡುವವರು ಲಿಥಿಯಂ ಐರನ್ ಫಾಸ್ಫೇಟ್ ಹಾಕಿಸುವುದು ಒಳ್ಳೆಯದು.

ನನ್ನ ಗಂಡನಿಗೆ ಇದೇ ಹುಚ್ಚು. ನನಗೆ ಈಜು ಬರುವುದಿಲ್ಲ, ನೀರು ಕಂಡರೆ ಭಯ. ಹೇಗೆ ಬೇಡ ಎನ್ನಲಿ?
— ಹೆಸರು ಬೇಡ ಎಂದವರು, ಕಡೂರು

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನನ್ನ ವಿಷಯ ಹೇಳುತ್ತೇನೆ. ನಮ್ಮ ತವರು ಆಲೂರು ತಾಲ್ಲೂಕು. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗ ನನಗೆ 14 ವರ್ಷ. ನಮ್ಮ ಗದ್ದೆಗೆ, ಆಮೇಲೆ ಮನೆಯ ಜಗಲಿಗೆ ನೀರು ಬಂದದ್ದನ್ನು ನೋಡಿದ್ದೇನೆ. ಆ ನೀರು ಮತ್ತೆ ಇಳಿಯಲಿಲ್ಲ. ಎಷ್ಟೋ ವರ್ಷ ನನಗೆ ಹಿನ್ನೀರಿನ ಹತ್ತಿರ ನಿಲ್ಲಲೂ ಆಗುತ್ತಿರಲಿಲ್ಲ. ಈಜು ಕಲಿತದ್ದು 47ನೇ ವಯಸ್ಸಿನಲ್ಲಿ, ಲಂಕಾವಿಯ ಒಂದು ಕೊಲ್ಲಿಯಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು.

ಅಪಾಯವೇ ಇಲ್ಲ ಎಂದು ನಾನು ಹೇಳುವುದಿಲ್ಲ. 2013ರ ಮೇ ತಿಂಗಳು. ಪಶ್ಚಿಮಕ್ಕೆ ತೆರೆದುಕೊಂಡ ಒಂದು ಜಾಗದಲ್ಲಿ ಲಂಗರು ಹಾಕಿ ಮಲಗಿದ್ದೆವು. ಮಲಕ್ಕಾ ಜಲಸಂಧಿಯಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಸುಮಾತ್ರಾ ಕಡೆಯಿಂದ ಗುಡುಗುಗಾಳಿ ಏಳುತ್ತದೆ. ಅದಕ್ಕೆ ಅಲ್ಲಿಯವರು ಸುಮಾತ್ರಾ ಎಂದೇ ಹೆಸರಿಟ್ಟಿದ್ದಾರೆ. ಬೆಳಗಿನ ಜಾವ ಮೂರು ಗಂಟೆಗೆ ಬಂತು. ಬೋಟು ದಡದ ಬಂಡೆಯ ಕಡೆ ಜಾರತೊಡಗಿತು.

ತಪ್ಪು ಎಲ್ಲಾಗಿತ್ತು ಗೊತ್ತಾ? ಸಂಜೆ ಇಳಿತದ ಹೊತ್ತಿನಲ್ಲಿ ಆಳ 5 ಮೀಟರ್ ಇತ್ತು. 20 ಮೀಟರ್ ಸರಪಳಿ ಬಿಟ್ಟೆವು. ಸಾಕು ಎನಿಸಿತ್ತು. ರಾತ್ರಿ ಉಬ್ಬರಕ್ಕೆ ನೀರು ಎರಡೂವರೆ ಮೀಟರ್ ಏರಿತು. ಬೋಟಿನ ಮೂತಿ ನೀರಿನಿಂದ ಒಂದೂವರೆ ಮೀಟರ್ ಎತ್ತರ. ಒಟ್ಟು 9 ಮೀಟರ್. ಇದರ ಐದು ಪಟ್ಟು ಸರಪಳಿ ಬೇಕು, ಅಂದರೆ 45 ಮೀಟರ್. ಸರಪಳಿ ನೆಲದ ಮೇಲೆ ಮಲಗಿದ್ದರೆ ಲಂಗರನ್ನು ಅಡ್ಡಕ್ಕೆ ಎಳೆಯುತ್ತದೆ, ಅದು ಮರಳಿನಲ್ಲಿ ಇನ್ನೂ ಆಳಕ್ಕೆ ಹೂಳುತ್ತದೆ. ಸರಪಳಿ ಗಿಡ್ಡವಾದರೆ ಮೇಲಕ್ಕೆ ಎಳೆದು ಕಿತ್ತುಬಿಡುತ್ತದೆ. ನಮಗೆ ಆದದ್ದು ಇದೇ.

ಆ ರಾತ್ರಿ ನಮ್ಮವರು ಮುಂದೆ ಹೋಗಿ ಸರಪಳಿ ಎತ್ತಿದರು. ಚುಕ್ಕಾಣಿ ಹಿಡಿದು ಎಂಜಿನ್ ನಡೆಸಿದವಳು ನಾನು. ಮಳೆಯಲ್ಲಿ ಅವರು ಟಾರ್ಚು ಯಾವ ಕಡೆ ತೋರಿಸಿದರೋ ಆ ಕಡೆ ತಿರುಗಿಸುತ್ತಾ ಹೋದೆ. ನಲವತ್ತು ನಿಮಿಷ. ಬೆಳಗಾದ ಮೇಲೆ ಕೈ ನಡುಗಿ ಲೋಟ ಹಿಡಿಯಲು ಆಗಲಿಲ್ಲ. ಆದರೆ ಆ ದಿನದಿಂದ ನನ್ನ ಭಯದ ರೀತಿ ಬದಲಾಯಿತು. ಏನು ನೋಡಬೇಕು, ಏನು ಅಳೆಯಬೇಕು ಎಂದು ಗೊತ್ತಿರುವ ಭಯ ಅದು.

ಆದ್ದರಿಂದ ನಿಮ್ಮ ಯಜಮಾನರಿಗೆ ಬೇಡ ಎನ್ನುವ ಮೊದಲು ಒಂದು ಮಾತು ಕೇಳಿ: ಅವರು ನೀರಿಗೆ ಬಿದ್ದರೆ ಬೋಟು ತಿರುಗಿಸಿ ಅವರನ್ನು ಎತ್ತುವವರು ಯಾರು? ಬೋಟಿನಲ್ಲಿ ಇಬ್ಬರೇ ಇರುವುದು. ಉತ್ತರ ನೀವೇ. ಹಾಗಾಗಿ ಎಂಜಿನ್ ಶುರು ಮಾಡುವುದು, ನಿಲ್ಲಿಸುವುದು, ನಕ್ಷೆಯಲ್ಲಿ ನಾವೆಲ್ಲಿದ್ದೇವೆ ಎಂದು ಓದುವುದು, ರೇಡಿಯೋದ 16ನೇ ಚಾನೆಲ್‌ನಲ್ಲಿ ಸಹಾಯ ಕೇಳುವುದು, ಇವನ್ನು ನಿಮಗೆ ಕಲಿಸುವ ತಾಳ್ಮೆ ಅವರಿಗೆ ಇರಬೇಕು. ಅದು ಇಲ್ಲದಿದ್ದರೆ, ಕಲಿಯಲು ನಿಮಗೆ ಮನಸ್ಸೂ ಇಲ್ಲದಿದ್ದರೆ, ಧೈರ್ಯವಾಗಿ ಬೇಡ ಎನ್ನಿ. ಅದರಲ್ಲಿ ಏನೂ ತಪ್ಪಿಲ್ಲ. ಹೆಂಡತಿಯನ್ನು ಹೆದರಿಸಿಕೊಂಡು ಕರೆದುಕೊಂಡು ಹೋದ ಯಾವ ಜೋಡಿಯೂ ಒಂದು ವರ್ಷ ಉಳಿದದ್ದನ್ನು ನಾನು ನೋಡಲಿಲ್ಲ.

ಮಳೆಗಾಲ, ಬಿರುಗಾಳಿಗಳ ಲೆಕ್ಕ ಹೇಗೆ? ತೋಟ ಇಟ್ಟುಕೊಂಡು ವರ್ಷಕ್ಕೆ ಮೂರು ತಿಂಗಳು ಹೋಗಿ ಬರಬಹುದೇ?
— ಕಾಫಿ ಬೆಳೆಗಾರ, ಮೂಡಿಗೆರೆ

ಜೂನ್‌ನಲ್ಲಿ ನಿಮ್ಮ ತೋಟಕ್ಕೆ ಬರುವ ನೈಋತ್ಯ ಮುಂಗಾರು ಅದಕ್ಕೆ ಸ್ವಲ್ಪ ಮುಂಚೆ, ಮೇನಲ್ಲೇ, ಅಂಡಮಾನ್ ಸಮುದ್ರಕ್ಕೆ ಬಂದಿರುತ್ತದೆ. ಮೇನಿಂದ ಅಕ್ಟೋಬರ್‌ವರೆಗೆ ಫುಕೆಟ್, ಲಂಕಾವಿಯ ಪಶ್ಚಿಮ ದಡಕ್ಕೆ ಅಲೆ ಜಾಸ್ತಿ. ಸಿಮಿಲಾನ್ ದ್ವೀಪಗಳ ರಾಷ್ಟ್ರೀಯ ಉದ್ಯಾನವನ್ನು ಆ ತಿಂಗಳುಗಳಲ್ಲಿ ಮುಚ್ಚಿಯೇ ಬಿಡುತ್ತಾರೆ. ನವೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಗಾಳಿ ನೆಲದ ಕಡೆಯಿಂದ, ಅಂದರೆ ಪೂರ್ವದಿಂದ. ಸಮುದ್ರ ಕೆರೆಯ ಹಾಗೆ ಇರುತ್ತದೆ.

ಕಷ್ಟ ಏನೆಂದರೆ ಅದೇ ನಿಮ್ಮ ಕೊಯ್ಲಿನ ಕಾಲ. ಅರೇಬಿಕಾ ನವೆಂಬರ್‌ನಿಂದ, ರೊಬಸ್ಟಾ ಜನವರಿಯಿಂದ. ಅರೇಬಿಕಾ ಒಂದೇ ಇದ್ದರೆ ಜನವರಿಯಲ್ಲಿ ಕಣ ಎತ್ತಿ ಫೆಬ್ರವರಿಯಲ್ಲಿ ಹೊರಡಬಹುದು. ರೊಬಸ್ಟಾ ಇದ್ದು, ಹೂ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಿಸಬೇಕಾದವರಿಗೆ ಮಾರ್ಚ್, ಏಪ್ರಿಲ್ ಸಹ ಕೈಗೆ ಬರುವುದಿಲ್ಲ. ಅಂಥವರು ಸ್ವಂತ ಬೋಟು ತೆಗೆದುಕೊಳ್ಳಬೇಡಿ. ನೀವು ತೋಟದಲ್ಲಿದ್ದಾಗ ಬೋಟು ಸುಮ್ನೆ ನಿಂತಿರುವುದಿಲ್ಲ, ಕೆಡುತ್ತಾ ಇರುತ್ತದೆ. ತಳಕ್ಕೆ ಚಿಪ್ಪುಹುಳು ಕಟ್ಟುತ್ತದೆ. ನೀವು ಕೊಳೆರೋಗಕ್ಕೆ ಮೈಲುತುತ್ತ ಸುಣ್ಣ ಕಲಸಿ ಬೋರ್ಡೋ ಹೊಡೆಯುತ್ತೀರಲ್ಲ, ಹಾಗೇ ಬೋಟಿನ ತಳಕ್ಕೂ ತಾಮ್ರ ಬೆರೆಸಿದ ಬಣ್ಣ ಬಳಿಯುತ್ತಾರೆ. ಅದೂ ಒಂದೆರಡು ವರ್ಷಕ್ಕೆ ಸವೆಯುತ್ತದೆ. ಪ್ರೊಪೆಲ್ಲರ್ ಉಳಿಯಲಿ ಎಂದು ಕಟ್ಟುವ ಸತುವಿನ ಗಟ್ಟಿಯೂ ಉಪ್ಪುನೀರಿನಲ್ಲಿ ಕರಗುತ್ತದೆ, ಬದಲಿಸಬೇಕು. ಡೀಸೆಲ್‌ನಲ್ಲಿ ನೀರಿನ ಹನಿ ಸೇರಿ ಲೋಳೆ ಕಟ್ಟುತ್ತದೆ. ಪಂಪ್‌ಸೆಟ್ ಇಟ್ಟುಕೊಂಡವರಿಗೆ ಇದೆಲ್ಲ ಅರ್ಥವಾಗುತ್ತದೆ. ಮೂರು ತಿಂಗಳಿಗೆ ಬಾಡಿಗೆ ಬೋಟೇ ಲಾಭ.

ಚಂಡಮಾರುತದ ಬಗ್ಗೆ: ಭೂಮಧ್ಯ ರೇಖೆಯಿಂದ ಸುಮಾರು 5 ಡಿಗ್ರಿಯೊಳಗೆ ಅವು ಹುಟ್ಟುವುದು ತೀರಾ ಅಪರೂಪ. ಗಾಳಿಯನ್ನು ಸುರುಳಿ ಸುತ್ತಿಸುವ ಭೂಮಿಯ ತಿರುಗುವಿಕೆಯ ಪ್ರಭಾವ ಅಲ್ಲಿ ತುಂಬಾ ಕಡಿಮೆ. ಲಂಕಾವಿ 6 ಡಿಗ್ರಿ ಉತ್ತರದಲ್ಲಿದೆ, ಆ ಅಂಚಿನಲ್ಲಿ. ಆದರೂ 2001ರ ಡಿಸೆಂಬರ್‌ನಲ್ಲಿ ವಮೆಯಿ ಎಂಬ ಚಂಡಮಾರುತ ಸಿಂಗಪುರದ ಹತ್ತಿರ, ಕೇವಲ 1.4 ಡಿಗ್ರಿಯಲ್ಲಿ ಎದ್ದಿತ್ತು. ಹಾಗಾಗಿ ದಿನಾ ಹವಾಮಾನ ನೋಡದೆ ಇರಬೇಡಿ.

ನಮ್ಮ ದೇಶದಲ್ಲೇ, ಅಂಡಮಾನ್, ಲಕ್ಷದ್ವೀಪದಲ್ಲಿ ಹೀಗೆ ಇರಬಹುದಲ್ಲ?
— ಶಿಕ್ಷಕ, ಅರಸೀಕೆರೆ

ನೋಡಲು ಖಂಡಿತ ಹೋಗಿ. ಭೂಪಟ ತೆಗೆದು ನೋಡಿ: ಚಿಕ್ಕಮಗಳೂರಿನಿಂದ ನೇರ ಪೂರ್ವಕ್ಕೆ ಗೆರೆ ಎಳೆದರೆ ಉತ್ತರ ಅಂಡಮಾನಿನ ದಿಗ್ಲಿಪುರದ ಹತ್ತಿರ ಮುಟ್ಟುತ್ತದೆ, ಎರಡೂ 13 ಡಿಗ್ರಿಯ ಮೇಲಿವೆ. ನಾನು ಮೊದಲ ಸಲ ಅದನ್ನು ಕಂಡಾಗ ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ಆದರೆ ಇಷ್ಟ ಬಂದ ಕಡೆ ಲಂಗರು ಹಾಕಿ ತಿಂಗಳುಗಟ್ಟಲೆ ಇರುವ ಸ್ವಾತಂತ್ರ್ಯ ಅಲ್ಲಿಲ್ಲ. ಲಕ್ಷದ್ವೀಪಕ್ಕೆ ನಮ್ಮವರಿಗೂ ಪರವಾನಗಿ ಬೇಕು. 36 ದ್ವೀಪಗಳಲ್ಲಿ ಜನ ಇರುವುದು ಹತ್ತರಲ್ಲಿ. ಅಂಡಮಾನಿನಲ್ಲಿ ಬುಡಕಟ್ಟು ಜನರ ದ್ವೀಪಗಳ ಹತ್ತಿರ ಹೋಗಲೇಬಾರದು. ಕಾನೂನಿನ ಮಾತು ಹಾಗಿರಲಿ, ಅದು ಅವರ ಮನೆ.

ಕಲಿಯಲು ಮಾತ್ರ ದೂರ ಹೋಗಬೇಕಾಗಿಲ್ಲ. ಬೇಲೂರಿನ ಯಗಚಿ ಹಿನ್ನೀರಿನಲ್ಲಿ ಬೋಟಿಂಗ್ ಇದೆ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನೀರು ಇಳಿದಾಗ ನಡುಗಡ್ಡೆಗಳ ಮೇಲೆ ರೀವ (ಟರ್ನ್) ಹಕ್ಕಿಗಳು ಗೂಡು ಮಾಡುತ್ತವೆ, ಬೋಟಿನಲ್ಲಿ ಹೋಗಿ ನೋಡಬಹುದು. ಮಲ್ಪೆಯಿಂದ ಸೇಂಟ್ ಮೇರಿ ದ್ವೀಪಕ್ಕೆ ಹೋಗಿ ಬನ್ನಿ. ಹೊಟ್ಟೆ ತೊಳಸುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಹಾಯಿಯಿಲ್ಲದ ಬೋಟು ಪಕ್ಕಕ್ಕೆ ಜಾಸ್ತಿ ಹೊರಳುತ್ತದೆ, ಅದನ್ನು ತಾಳುವ ಹೊಟ್ಟೆ ಬೇಕು.

ಅಜ್ಜಿ, ನಿಮ್ಮ ಬೋಟಿನ ಹೆಸರೇನು? ಈಗ ಎಲ್ಲಿದೆ?
— 7ನೇ ತರಗತಿ, ಸಕಲೇಶಪುರ

ಪುಟ್ಟಿ, ಹೆಸರು ಹೇಮಾವತಿ. ನಿಮ್ಮ ಊರಿನ ಸೇತುವೆ ಕೆಳಗೆ ಹರಿಯುತ್ತಾಳಲ್ಲ, ಅವಳೇ. ನಮ್ಮ ಗದ್ದೆ ಮುಳುಗಿಸಿದ ಹೊಳೆಯ ಹೆಸರು ಯಾಕೆ ಇಟ್ಟೆ ಎಂದು ನನ್ನ ಅಣ್ಣ ಬೈದಿದ್ದರು. ನನಗೆ ಬೇರೆ ಯಾವ ಹೆಸರೂ ಬಾಯಿಗೆ ಬರಲಿಲ್ಲ.

2019ರಲ್ಲಿ ನಮ್ಮ ಅತ್ತೆಗೆ ಹುಷಾರು ತಪ್ಪಿತು. ಅವರನ್ನು ನೋಡಿಕೊಳ್ಳಲು ಊರಿಗೆ ಬಂದೆವು. ಬೋಟನ್ನು ಒಬ್ಬ ಗಂಡ ಹೆಂಡತಿ ತೆಗೆದುಕೊಂಡರು. ಅವರಿಗೆ ಕನ್ನಡ ಗೊತ್ತಿಲ್ಲ, ಆದರೂ ಹೆಸರು ಬದಲಿಸಲಿಲ್ಲ. ಕಳೆದ ತಿಂಗಳು ಫೋಟೊ ಕಳಿಸಿದ್ದರು. ಹಿಂದುಗಡೆ ನಾನೇ ಕೆಂಪು ಬಣ್ಣದಲ್ಲಿ ಬರೆದ ಅಕ್ಷರಗಳು ಇನ್ನೂ ಇವೆ. ಕೊನೆಯ ಅಕ್ಷರದ ಗುಡಿಸು ಮಾತ್ರ ಬಿಸಿಲಿಗೆ ಅಳಿಸಿಹೋಗಿ, ಓದಿದರೆ ಹೇಮಾವತ ಎಂದಾಗುತ್ತಿತ್ತು. ಒಂದು ಕಾಗದದ ಮೇಲೆ ಆ ‘ತಿ’ಯನ್ನು ದೊಡ್ಡದಾಗಿ ಬರೆದು, ಕುಂಚ ಎಲ್ಲಿಂದ ಶುರು ಮಾಡಬೇಕು ಎಂದು ಬಾಣದ ಗುರುತು ಹಾಕಿ, ಫೋಟೊ ತೆಗೆದು ಕಳಿಸಿದ್ದೇನೆ.